ಮಾವನ ಬಗ್ಗಿಗೆ ಲಿಥಿಯಂ ಬ್ಯಾಟರಿ: ಲೆಕ್ಕ ಎಂತದು, ಎಡವಿದ್ದು ಎಲ್ಲಿ?

ಈ ವಾರದ ವಿಷಯ ಬ್ಯಾಟರಿ. ಫೋನಿದ್ದಲ್ಲ, ಗಾಡಿದು.

ಹಂಪಿಗೆ ಹೋದವರು ವಿಜಯ ವಿಠ್ಠಲ ದೇವಸ್ಥಾನದ ಹತ್ತಿರ ಬ್ಯಾಟರಿ ಗಾಡಿ ಹತ್ತಿರುತ್ತೀರಿ. ಲಾಲ್‌ಬಾಗಲ್ಲಿ, ಮೈಸೂರು ಝೂನಲ್ಲಿ ಕೂಡ ಅಂಥದ್ದೇ ಇದೆ. ಅದಕ್ಕೆ ಗಾಲ್ಫ್ ಕಾರ್ಟ್ ಅಂತ ಹೆಸರು, ನಮ್ಮ ಕಡೆ ಎಲ್ಲರೂ ಬಗ್ಗಿ ಅಂತಾರೆ. ಬೈಂದೂರಿನ ಹತ್ತಿರ, ಸಮುದ್ರ ಕಾಣುವ ಗುಡ್ಡದ ಮೇಲೆ ನನ್ನ ಸೋದರಮಾವನದ್ದು ನಾಲ್ಕು ಕಾಟೇಜ್ ಇದೆ. ಕಾರ್ ಪಾರ್ಕಿಂಗ್ ಕೆಳಗೆ, ಕಾಟೇಜ್ ಮೇಲೆ, ಮಧ್ಯೆ 400 ಮೀಟರ್ ಏರು. ಬಂದವರನ್ನೂ ಅವರ ಲಗೇಜನ್ನೂ ಮೇಲೆ ತರುವುದಕ್ಕೆ ಮಾವ ಆರು ಸೀಟಿನ ಒಂದು ಸೆಕೆಂಡ್ ಹ್ಯಾಂಡ್ ಬಗ್ಗಿ ತಗೊಂಡಿದ್ದರು.

ಮಳೆಗಾಲ ಮುಗಿದು ಸೀಸನ್ ಶುರುವಾಗುವ ಹೊತ್ತಿಗೆ ಫೋನ್ ಬಂತು. "ಮಾಣಿ, ಬಗ್ಗಿ ಮೇಲ್ ಹತ್ತುದಿಲ್ಲ ಮಾರಾಯ. ಬ್ಯಾಟ್ರಿ ಹೋಯ್ತ್ ಕಾಣ್. ಎಲ್ಲರೂ ಲಿಥಿಯಂ ಹಾಕಿ ಅಂತ್ರ್. ನೀ ಬಿ.ಕಾಂ. ಓದಿದ್ಯಲ, ಲೆಕ್ಕ ಹಾಕಿ ಹೇಳ್, ಹಾಕುದಾ ಬ್ಯಾಡ್ದಾ?"

ಬಿ.ಕಾಂ.ನಲ್ಲಿ ಬ್ಯಾಟರಿ ಪಾಠ ಇರಲಿಲ್ಲ. ಆದರೂ ಎರಡು ತಿಂಗಳು ಇದರ ಹಿಂದೆ ಬಿದ್ದೆ. ಒಂದು ದೊಡ್ಡ ತಪ್ಪೂ ಆಯ್ತು. ಆ ತಪ್ಪನ್ನೂ ಸೇರಿಸಿ ಹೇಳ್ತೇನೆ.

ಹಳೆ ಬ್ಯಾಟರಿ ಸತ್ತದ್ದು ಯಾಕೆ?

ಬಗ್ಗಿಯ ಸೀಟ್ ಎತ್ತಿದರೆ ಒಳಗೆ ಎಂಟು ಲೆಡ್ ಆಸಿಡ್ ಬ್ಯಾಟರಿ. ಒಂದೊಂದು 6 ವೋಲ್ಟ್, ಒಂದರ ಬಾಲಕ್ಕೆ ಇನ್ನೊಂದು ಕಟ್ಟಿ ಒಟ್ಟು 48 ವೋಲ್ಟ್. ಒಂದೊಂದರ ತೂಕ ಸುಮಾರು 28 ಕೆ.ಜಿ. ಎಂಟು ಸೇರಿದರೆ 220 ಕೆ.ಜಿ. ದಾಟ್ತದೆ. ಅಂದರೆ ಬಗ್ಗಿ ಖಾಲಿ ಇದ್ದಾಗಲೂ ಮೂರು ಜನರನ್ನು ಹೊತ್ತುಕೊಂಡೇ ಓಡ್ತಾ ಇತ್ತು.

ನಿಮ್ಮ ಮನೆ ಇನ್ವರ್ಟರ್‌ಗೆ ಡಿಸ್ಟಿಲ್ಡ್ ವಾಟರ್ ಹಾಕ್ತೀರಲ್ಲ, ಅದೇ ಜಾತಿಯ ಬ್ಯಾಟರಿ ಇದು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು, ಇವತ್ತಿಗೂ ಓಡ್ತಾ ಇದೆ. ಅಗ್ಗ, ರಿಪೇರಿ ಗೊತ್ತಿರುವವರು ಎಲ್ಲ ಊರಲ್ಲೂ ಸಿಗ್ತಾರೆ, ಹಳೆಯದನ್ನು ಕೊಟ್ಟರೆ ಸೀಸಕ್ಕೆ ದುಡ್ಡು ವಾಪಸ್ ಬರ್ತದೆ.

ಆದರೆ ಇದಕ್ಕೆ ಎರಡು ದೌರ್ಬಲ್ಯ. ಒಂದು, ಪೂರ್ತಿ ಖಾಲಿ ಮಾಡಬಾರದು. ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಆಯಸ್ಸು ಬೇಗ ಮುಗೀತದೆ. ಎರಡು, ಚಾರ್ಜ್ ಇಲ್ಲದೆ ಸುಮ್ಮನೆ ಇಡಬಾರದು. ಹಾಗೆ ಇಟ್ಟರೆ ಒಳಗಿನ ತಟ್ಟೆಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ.

ಈಗ ನಮ್ಮ ಕರಾವಳಿಯ ಕ್ಯಾಲೆಂಡರ್ ನೋಡಿ. ಜೂನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕಾಟೇಜಿಗೆ ಜನ ಇಲ್ಲ, ಬಗ್ಗಿಗೆ ಟಾರ್ಪಾಲ್ ಹೊದಿಸಿ ಶೆಡ್ಡಲ್ಲಿ ನಿಲ್ಲಿಸ್ತಾರೆ. ನಾಲ್ಕು ತಿಂಗಳು ಅದರ ಕಡೆ ಯಾರೂ ನೋಡುವುದಿಲ್ಲ. ಉಪ್ಪುಗಾಳಿಗೆ ಟರ್ಮಿನಲ್ ಮೇಲೆ ಹಸಿರು ಬೂಷ್ಟು ಬೇರೆ. ಮಾವನ ಬ್ಯಾಟರಿ ಎರಡೂವರೆ ವರ್ಷಕ್ಕೆ ಸತ್ತದ್ದು ಓಡಿ ಓಡಿ ಅಲ್ಲ, ನಿಂತು ನಿಂತು. ಗುಡ್ಡೆ ಹತ್ತಿಸಿದ್ದಕ್ಕಿಂತ ಮಳೆಗಾಲದ ನಿದ್ರೆಯೇ ಅದನ್ನು ಜಾಸ್ತಿ ತಿಂದದ್ದು.

ಲಿಥಿಯಂ ಅಂದರೆ ಯಾವ ಲಿಥಿಯಂ?

ಲಿಥಿಯಂ ಅನ್ನುವುದು ಒಂದು ಬ್ಯಾಟರಿಯ ಹೆಸರಲ್ಲ, ಒಂದು ಕುಟುಂಬದ ಹೆಸರು. ಫೋನಲ್ಲಿ ಇರುವುದು ಒಂದು ಬಗೆ. ಬಗ್ಗಿಗೆ ಸಾಮಾನ್ಯವಾಗಿ ಹಾಕುವುದು ಇನ್ನೊಂದು: ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರ ಬಾಯಲ್ಲಿ ಎಲ್‌ಎಫ್‌ಪಿ. ಇದನ್ನು ಬ್ಯಾಟರಿಗೆ ಬಳಸಬಹುದು ಅಂತ 1997ರಲ್ಲಿ ಪ್ರಕಟಿಸಿದ್ದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡಿನಫ್ ಅವರ ತಂಡ. ಲಿಥಿಯಂ ಅಯಾನ್ ಬ್ಯಾಟರಿಯ ಕೆಲಸಕ್ಕಾಗಿ ಅವರಿಗೆ 2019ರಲ್ಲಿ ಇನ್ನಿಬ್ಬರ ಜೊತೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಎಲ್‌ಎಫ್‌ಪಿ ತೂಕದಲ್ಲಿ ಫೋನಿನ ಜಾತಿಗಿಂತ ಸ್ವಲ್ಪ ಭಾರ. ಆದರೆ ಬಿಸಿಯನ್ನು ಚೆನ್ನಾಗಿ ತಡೀತದೆ, ಆಯಸ್ಸೂ ಜಾಸ್ತಿ. ಬೆಂಕಿ ಹತ್ತುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಷ್ಟ, ಅಸಾಧ್ಯ ಅಲ್ಲ. ಹಾಗಂತ ಲೆಡ್ ಆಸಿಡ್ ಸಾಧು ಅಂತಲೂ ಅಲ್ಲ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರ್ತದೆ, ಮುಚ್ಚಿದ ಕೋಣೆಯಲ್ಲಿ ಒಂದು ಕಿಡಿ ಸಾಕು.

ಈ ಬದಲಾವಣೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2001ರಲ್ಲಿ ಬೆಂಗಳೂರಿಂದ ರೇವಾ ಅಂತ ಒಂದು ಪುಟ್ಟ ಎಲೆಕ್ಟ್ರಿಕ್ ಕಾರು ಬಂತು, ಚೇತನ್ ಮೈನಿ ಅವರದ್ದು. ಅದರ ಸೀಟಿನ ಕೆಳಗೂ ಮಾವನ ಬಗ್ಗಿಯಲ್ಲಿ ಇದ್ದ ಹಾಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. 2009ರಲ್ಲಿ ಅದೇ ಕಾರಿನ ಲಿಥಿಯಂ ಮಾದರಿ ಬಂತು. 2010ರಲ್ಲಿ ಕಂಪೆನಿ ಮಹೀಂದ್ರಾ ಕೈಗೆ ಹೋಯ್ತು. ಅಂದರೆ ನಾವು ಶೆಡ್ಡಲ್ಲಿ ಮಾಡಲು ಹೊರಟದ್ದನ್ನು ಬೆಂಗಳೂರಿನ ಒಂದು ಕಾರ್ಖಾನೆ ಯಾವತ್ತೋ ಮಾಡಿ ಆಗಿತ್ತು. ಆದರೆ ಅವರ ಹತ್ತಿರ ಇಂಜಿನಿಯರ್‌ಗಳು ಇದ್ದರು. ನಮ್ಮ ಹತ್ತಿರ ಇದ್ದದ್ದು ನಾನು, ಮಾವ, ಮತ್ತು ಬ್ರಹ್ಮಾವರದಲ್ಲಿ ಇನ್ವರ್ಟರ್ ಕೆಲಸ ಮಾಡುವ ಪರಿಚಯದ ಒಬ್ಬ ಎಲೆಕ್ಟ್ರಿಷಿಯನ್.

ಎಡವಿದ್ದು ಇಲ್ಲಿ

ಕುಂದಾಪುರದಲ್ಲಿ ಎರಡು ಮೂರು ಕಡೆ ಕೇಳಿದೆವು. ನಾವು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅವರ್? ಎಲ್ಲಕ್ಕಿಂತ ಕಡಿಮೆ ರೇಟ್ ಹೇಳಿದವರದ್ದು 51.2 ವೋಲ್ಟ್, 100 ಆಂಪಿಯರ್ ಅವರ್, 95,000 ರೂಪಾಯಿ. ಸರಿ ಅಂತ ತಂದು ಹಾಕಿದೆವು. ಪಾರ್ಕಿಂಗಲ್ಲಿ ಎರಡು ಸುತ್ತು ಹೊಡೆದರೆ ಬಗ್ಗಿ ಬಾಣದ ಹಾಗೆ ಓಡ್ತದೆ. ಮಾವನ ಮುಖ ನೋಡಬೇಕಿತ್ತು.

ಮೂರನೇ ದಿನ ಗಾಡಿ ಭರ್ತಿ. ಒಂದು ಕುಟುಂಬ, ಅವರಲ್ಲಿ ಒಬ್ಬರು ವಯಸ್ಸಾದ ಅಜ್ಜಿ. ಏರಿನ ಮಧ್ಯ ಎದುರಿಂದ ದನ ಬಂತು ಅಂತ ಡ್ರೈವರ್ ನಿಲ್ಲಿಸಿದ. ಮತ್ತೆ ಪೆಡಲ್ ಒತ್ತಿದ, ಒಂದು ಟಕ್ ಶಬ್ದ, ಪೂರ್ತಿ ಕರೆಂಟ್ ಹೋಯ್ತು. ಗಾಡಿ ಹಿಂದಕ್ಕೆ ಜಾರಿತು. ಆರೇಳು ಅಡಿ ಹೋಗುವಷ್ಟರಲ್ಲಿ ಅವನ ಕಾಲು ಬ್ರೇಕಿಗೆ ಸಿಕ್ಕಿತು, ಹ್ಯಾಂಡ್ ಬ್ರೇಕೂ ಎಳೆದ. ಯಾರಿಗೂ ಪೆಟ್ಟಾಗಲಿಲ್ಲ. ಅಜ್ಜಿ ಮಾತ್ರ ಆಮೇಲೆ ಬಗ್ಗಿ ಹತ್ತಲೇ ಇಲ್ಲ, ಮೊಮ್ಮಗನ ಕೈ ಹಿಡಿದು ನಡೆದೇ ಮೇಲೆ ಬಂದರು. ಅಲ್ಲಿ ರಸ್ತೆಯ ಒಂದು ಬದಿ ಇಳಿಜಾರು ಇದೆ. ಬ್ರೇಕ್ ಎರಡು ಸೆಕೆಂಡ್ ತಡ ಆಗಿದ್ದರೆ ಈ ಎಪಿಸೋಡ್ ಬೇರೆ ಇರ್ತಿತ್ತು.

ಆದದ್ದು ಏನು? ಲಿಥಿಯಂ ಪ್ಯಾಕಿನ ಒಳಗೆ ಬಿಎಂಎಸ್ ಅಂತ ಒಂದು ಬೋರ್ಡ್ ಇರ್ತದೆ, ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ಅದು ಪ್ಯಾಕಿನ ಕಾವಲುಗಾರ. ಪ್ರತಿ ಸೆಲ್ಲಿನ ವೋಲ್ಟೇಜ್ ನೋಡ್ತದೆ, ಬಿಸಿ ನೋಡ್ತದೆ, ಮಿತಿಗಿಂತ ಜಾಸ್ತಿ ಕರೆಂಟ್ ಎಳೆದರೆ ಬಾಗಿಲು ಮುಚ್ಚಿಬಿಡ್ತದೆ. ನಮಗೆ ಸಿಕ್ಕಿದ್ದು ಸೋಲಾರ್ ಮತ್ತು ಇನ್ವರ್ಟರ್‌ಗೆ ಮಾಡಿದ ಪ್ಯಾಕ್. ಅದರ ಬಿಎಂಎಸ್ ಮಿತಿ 100 ಆಂಪಿಯರ್. ಮನೆಯ ಫ್ಯಾನು, ಲೈಟಿಗೆ ಅದು ಧಾರಾಳ.

ಎಲೆಕ್ಟ್ರಿಷಿಯನ್ ಮರುದಿನ ಡಿಸಿ ಕ್ಲಾಂಪ್ ಮೀಟರ್ ತಂದು ಹಳೆ ಬ್ಯಾಟರಿ ತಾತ್ಕಾಲಿಕವಾಗಿ ಕಟ್ಟಿ ಅಳೆದ. ಸಮತಟ್ಟಲ್ಲಿ 40ರಿಂದ 50 ಆಂಪಿಯರ್. ನಾಲ್ಕು ಜನ ಕೂತು ಏರಿನ ಮಧ್ಯ ನಿಂತು ಹೊರಟಾಗ ಮುಳ್ಳು ಕ್ಷಣಕ್ಕೆ 250 ದಾಟಿತು. ವೋಲ್ಟ್ ಒಂದೇ, ಆಂಪಿಯರ್ ಅವರ್ ಸಾಕಷ್ಟು, ಆದರೆ ಬಾಗಿಲು ಸಣ್ಣದು. ಟ್ಯಾಂಕ್ ಎಷ್ಟು ದೊಡ್ಡದಿದ್ದರೂ ಪೈಪ್ ಸಪೂರ ಇದ್ದರೆ ನೀರು ಬರುವುದು ಅಷ್ಟೇ ಅಲ್ವಾ?

ಆಗ ಪರಿಚಯದವರೊಬ್ಬರು ಸುಲಭದ ದಾರಿ ಹೇಳಿದರು: ಬಿಎಂಎಸ್ ತಪ್ಪಿಸಿ ನೇರ ವಯರ್ ಕೊಡಿ, ಯಾವ ರಗಳೆಯೂ ಇಲ್ಲ. ಮಾವ ನನ್ನ ಮುಖ ನೋಡಿದರು. "ಮಾವ, ಅದೊಂದು ಮಾತ್ರ ಮಾಡ್ಬೇಡಿ" ಅಂದೆ. ಕಾವಲುಗಾರನನ್ನು ಮನೆಗೆ ಕಳಿಸಿದರೆ ಬಾಗಿಲು ಯಾವಾಗಲೂ ತೆರೆದಿರ್ತದೆ, ಕಳ್ಳನಿಗೂ. ಒಂದು ಸೆಲ್ ಕೆಟ್ಟರೆ, ಒಂದು ಶಾರ್ಟ್ ಆದರೆ ತಡೆಯುವವರು ಯಾರೂ ಇಲ್ಲ. ಆ ಸೀಟಿನ ಮೇಲೆ ಕೂರುವುದು ಯಾರದ್ದೋ ಮನೆಯ ಮಕ್ಕಳು.

ಕೊನೆಗೆ ಆ ಪ್ಯಾಕನ್ನು ಕಾಟೇಜಿನ ಇನ್ವರ್ಟರ್‌ಗೆ ಹಾಕಿದೆವು. ಅಲ್ಲಿಯ ಬ್ಯಾಟರಿಯೂ ಮುದಿಯಾಗಿತ್ತು, ಹಾಗಾಗಿ ದುಡ್ಡು ನೀರಿಗೆ ಹೋಗಲಿಲ್ಲ. ಬಗ್ಗಿಗೆ ಗಾಡಿಗೆಂದೇ ಮಾಡಿದ ಪ್ಯಾಕ್ ತರಿಸಿದೆವು: 51.2 ವೋಲ್ಟ್, 105 ಆಂಪಿಯರ್ ಅವರ್, ಸತತ 200 ಆಂಪಿಯರ್, ಕೆಲವು ಸೆಕೆಂಡಿಗೆ 350ರವರೆಗೆ. ಬಂದ ದಿನ ಗೋಣಿಚೀಲದಲ್ಲಿ ಮರಳು ತುಂಬಿ ಆರು ಜನರ ತೂಕ ಮಾಡಿ, ಅದೇ ಏರಲ್ಲಿ ಹತ್ತು ಸಲ ನಿಲ್ಲಿಸಿ ಹೊರಡಿಸಿ ನೋಡಿದೆವು. ಆಮೇಲೆಯೇ ಜನರನ್ನು ಹತ್ತಿಸಿದ್ದು.

ಬ್ಯಾಟರಿ ಮಾತ್ರ ಬದಲಿಸಿದರೆ ಸಾಲದು

ಮೊದಲನೆಯದು ಚಾರ್ಜರ್. ಹಳೆ ಲೆಡ್ ಆಸಿಡ್ ಚಾರ್ಜರ್ ಹೊರಗಿಂದ ನೋಡಲು ಹಾಗೇ ಇರ್ತದೆ, ಪ್ಲಗ್ಗೂ ಕೂರ್ತದೆ. ಆದರೆ ಎಲ್‌ಎಫ್‌ಪಿ ಪ್ಯಾಕಲ್ಲಿ 3.2 ವೋಲ್ಟಿನ 16 ಸೆಲ್ ಸಾಲಾಗಿ ಇರ್ತವೆ, 3.2 ಗುಣಿಸು 16 ಅಂದರೆ 51.2. ಇದರ ಚಾರ್ಜ್ ಮಿತಿ ಸೆಲ್ಲಿಗೆ 3.65, ಒಟ್ಟು 58.4 ವೋಲ್ಟ್. ಲೆಡ್ ಆಸಿಡ್ ಚಾರ್ಜರ್ ಸೆಲ್‌ಗಳನ್ನು ಸಮ ಮಾಡುವ ಹಂತದಲ್ಲಿ 60 ವೋಲ್ಟಿನ ಮೇಲೆ ಹೋಗಬಹುದು. ದಿನಾ ಬಿಎಂಎಸ್ ತಡೀತದೆ ಅಂತ ನಂಬಿ ಕೂರುವುದು, ದಿನಾ ಗೋಡೆಗೆ ಗುದ್ದಿ ಗಾಡಿ ನಿಲ್ಲಿಸಿದ ಹಾಗೆ.

ಎರಡನೆಯದು ಮೀಟರ್. ನಿಮ್ಮ ಹಳೆ ಫೋನ್ 30 ಪರ್ಸೆಂಟ್ ತೋರಿಸ್ತಾ ತೋರಿಸ್ತಾ ಒಮ್ಮೆಲೇ ಸ್ವಿಚ್ ಆಫ್ ಆದದ್ದು ನೆನಪಿದೆಯಾ? ಬಗ್ಗಿಯ ಹಳೆ ಮೀಟರ್ ವೋಲ್ಟೇಜ್ ನೋಡಿ ಪರ್ಸೆಂಟ್ ಹೇಳುವಂಥದ್ದು. ಲೆಡ್ ಆಸಿಡ್‌ನಲ್ಲಿ ವೋಲ್ಟೇಜ್ ನಿಧಾನಕ್ಕೆ ಇಳೀತದೆ, ಅಂದಾಜು ಸಿಗ್ತದೆ. ಎಲ್‌ಎಫ್‌ಪಿ ಆದರೆ ಬಹುಪಾಲು ಹೊತ್ತು 52, 53 ವೋಲ್ಟಿನ ಆಸುಪಾಸಲ್ಲೇ ನಿಂತು, ಕೊನೆಗೆ ದಪ್ಪೆಂದು ಬೀಳ್ತದೆ. ಹಳೆ ಮೀಟರ್ ಫುಲ್ ಅಂತ ಹೇಳ್ತಾ ಇರುವಾಗಲೇ ಗಾಡಿ ನಿಲ್ಲಬಹುದು. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸುವ ಮೀಟರ್ ಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಾಸ್‌ಬುಕ್ ಇದ್ದ ಹಾಗೆ, ಜಮಾ ಮತ್ತು ಖರ್ಚು ಬರೆದು ಬ್ಯಾಲೆನ್ಸ್ ತೋರಿಸ್ತದೆ.

ಮೂರನೆಯದು ಹೆಡ್‌ಲೈಟು, ಹಾರ್ನು. ಮೊದಲು ಎರಡು 6 ವೋಲ್ಟ್ ಬ್ಯಾಟರಿಯ ಮಧ್ಯದಿಂದ 12 ವೋಲ್ಟ್ ಕದ್ದು ಲೈಟಿಗೆ ಕೊಟ್ಟಿದ್ದರು. ಹೊಸ ಪ್ಯಾಕ್ ಒಂದೇ ಪೆಟ್ಟಿಗೆ, ಮಧ್ಯದಿಂದ ಎಳೆಯಲು ಆಗುವುದಿಲ್ಲ. 48 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಬೇಕು.

ನಾಲ್ಕನೆಯದು ಇಳಿಜಾರು. ಕೆಲವು ಬಗ್ಗಿಗಳಲ್ಲಿ ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ಕರೆಂಟ್ ವಾಪಸ್ ಕೊಡ್ತದೆ, ಅದರಿಂದ ಗಾಡಿಗೆ ಸ್ವಲ್ಪ ಬ್ರೇಕೂ ಸಿಗ್ತದೆ. ಗುಡ್ಡದ ಮೇಲೆ ಫುಲ್ ಚಾರ್ಜ್ ಮಾಡಿ ಕೂಡಲೇ ಕೆಳಗೆ ಇಳಿಸಿದರೆ ಆ ಕರೆಂಟಿಗೆ ಜಾಗ ಇಲ್ಲ, ಬಿಎಂಎಸ್ ಬಾಗಿಲು ಹಾಕಬಹುದು. ನಾವು ಮಾಡಿದ್ದು ಸರಳ: ಚಾರ್ಜಿಂಗ್ ಪಾಯಿಂಟನ್ನು ಗುಡ್ಡದ ಮೇಲಿಂದ ಕೆಳಗಿನ ಪಾರ್ಕಿಂಗ್ ಶೆಡ್ಡಿಗೆ ತಂದೆವು. ಬೆಳಿಗ್ಗೆಯ ಮೊದಲ ಟ್ರಿಪ್ಪು ಈಗ ಏರು.

ಜೊತೆಗೆ ಪ್ಯಾಕಿನ ಹತ್ತಿರವೇ ಒಂದು ಸರಿಯಾದ ಫ್ಯೂಸ್, ಗಾಡಿ ಅಲುಗಿದರೂ ಪ್ಯಾಕ್ ಜಾರದ ಹಾಗೆ ಕ್ಲಾಂಪು, ಉಪ್ಪುಗಾಳಿಗೆ ಟರ್ಮಿನಲ್ ಮೇಲೆ ಗ್ರೀಸ್. ಹೊಸ ಪ್ಯಾಕಿನ ತೂಕ 50 ಕೆ.ಜಿ.ಯ ಒಳಗೆ, ಹಾಗಾಗಿ ಗಾಡಿಯ ಹಿಂಭಾಗ ಹಗುರ ಆಯ್ತು, ಬ್ರೇಕ್ ಇನ್ನೊಮ್ಮೆ ಅಡ್ಜಸ್ಟ್ ಮಾಡಿಸಿದೆವು.

ಈಗ ನನ್ನ ಸಬ್ಜೆಕ್ಟ್: ಲೆಕ್ಕ

ಇವು ನಮಗೆ ಸಿಕ್ಕ ಕೊಟೇಶನ್. ನಿಮಗೆ ಬೇರೆ ಇರಬಹುದು, ಲೆಕ್ಕ ಮಾಡುವ ಕ್ರಮ ಮಾತ್ರ ಇದೇ.

ಲೆಡ್ ಆಸಿಡ್ ಎಂಟಕ್ಕೆ 1,12,000. ಹಳೆಯದನ್ನು ಕೊಟ್ಟರೆ 18,000 ವಾಪಸ್. ಕೈಯಿಂದ ಹೋಗುವುದು 94,000.

ಲಿಥಿಯಂ ಪ್ಯಾಕ್ 1,25,000, ಚಾರ್ಜರ್ 16,000, ಕನ್ವರ್ಟರ್, ಮೀಟರ್, ಫ್ಯೂಸ್, ಕೇಬಲ್ ಸೇರಿ 14,000, ಕೂಲಿ 5,000. ಒಟ್ಟು 1,60,000. ಹಳೆ ಸೀಸದ 18,000 ಕಳೆದರೆ 1,42,000. ಅಂದರೆ ಇವತ್ತು ಜೇಬಿಂದ 48,000 ಜಾಸ್ತಿ.

ಎಂಟು ವರ್ಷ ತಗೊಳ್ಳಿ. ಬಗ್ಗಿ ವರ್ಷಕ್ಕೆ ಸುಮಾರು 240 ದಿನ ಓಡ್ತದೆ, ಎಂಟು ವರ್ಷಕ್ಕೆ 1,920 ಚಾರ್ಜ್. ಒಳ್ಳೆ ಎಲ್‌ಎಫ್‌ಪಿಗೆ ಅದು ಮಿತಿಯ ಒಳಗೇ. ಲೆಡ್ ಆಸಿಡ್ ಮಾವನ ಕೈಯಲ್ಲಿ ಎರಡೂವರೆ ವರ್ಷ ಬಾಳಿತ್ತು, ಅಂದರೆ ಕನಿಷ್ಠ ಮೂರು ಸೆಟ್: 2,82,000. ನೀರು, ಟರ್ಮಿನಲ್ ಅಂತ ವರ್ಷಕ್ಕೆ 3,000, ಒಟ್ಟು 24,000. ಸೇರಿದರೆ 3,06,000. ಲಿಥಿಯಂನ 1,42,000 ಕಳೆದರೆ ಉಳಿತಾಯ 1,64,000.

ಇಲ್ಲಿ ಒಂದು ಪ್ರಾಮಾಣಿಕ ಮಾತು. ಮಾವ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ನೀರು ನೋಡಿ, ಲೆಡ್ ಆಸಿಡನ್ನೇ ಐದು ವರ್ಷ ಬಾಳಿಸಿದ್ದರೆ? ಆಗ ಎರಡೇ ಸೆಟ್, 1,88,000 ಮತ್ತು 24,000, ಒಟ್ಟು 2,12,000. ಉಳಿತಾಯ 70,000ಕ್ಕೆ ಇಳೀತದೆ. ಲಿಥಿಯಂ ಲಾಭದ ಅರ್ಧಕ್ಕಿಂತ ಜಾಸ್ತಿ ನಮ್ಮ ಉದಾಸೀನದ ಲೆಕ್ಕದಿಂದ ಬಂದದ್ದು.

ಇನ್ನು ಕರೆಂಟ್ ಬಿಲ್. ಅಂಗಡಿಯವರು ಇದನ್ನೇ ಜೋರಾಗಿ ಹೇಳ್ತಾರೆ. ನಮ್ಮ ಬಗ್ಗಿಗೆ ದಿನಕ್ಕೆ ಸುಮಾರು 3 ಯೂನಿಟ್ ಬೇಕು. ಲೆಡ್ ಆಸಿಡ್‌ಗೆ ಅಷ್ಟು ತುಂಬಲು ಗೋಡೆಯಿಂದ ಸುಮಾರು 4 ಯೂನಿಟ್ ಹೋಗ್ತದೆ, ಲಿಥಿಯಂಗೆ 3.3. ಉಳಿಯುವುದು 0.7. ಯೂನಿಟ್‌ಗೆ 8 ರೂಪಾಯಿ ಅಂತ ಇಟ್ಟರೂ ವರ್ಷಕ್ಕೆ 1,344 ರೂಪಾಯಿ. ಒಳ್ಳೆಯದೇ, ಆದರೆ ಅದಕ್ಕಾಗಿ ಯಾರೂ ಬ್ಯಾಟರಿ ಬದಲಿಸುವುದಿಲ್ಲ.

ಮತ್ತೊಂದು ಅಪಾಯ: ಲಿಥಿಯಂ ಮೂರನೇ ವರ್ಷಕ್ಕೆ ಕೈಕೊಟ್ಟು, ವಾರಂಟಿ ಕೊಟ್ಟವರ ಫೋನ್ ಸ್ವಿಚ್ ಆಫ್ ಆಗಿದ್ದರೆ ಈ ಲೆಕ್ಕ ಎಲ್ಲ ತಲೆಕೆಳಗೆ. ಲೆಡ್ ಆಸಿಡ್ ಆದರೆ ಎಂಟರಲ್ಲಿ ಒಂದು ಹೋದರೆ ಒಂದನ್ನು ಬದಲಿಸಬಹುದು. ಇಲ್ಲಿ ಪೆಟ್ಟಿಗೆಯೇ ಒಂದು. ಹಾಗಾಗಿ ವಾರಂಟಿ ಬಾಯಲ್ಲಿ ಬೇಡ, ಜಿಎಸ್‌ಟಿ ಬಿಲ್ಲಿನ ಜೊತೆ ಕಾಗದದಲ್ಲಿ, ಸೀರಿಯಲ್ ನಂಬರ್ ಸಮೇತ.

ನೀವು ಹಾಕಿಸುವುದಾದರೆ ಕೇಳಬೇಕಾದ ಪ್ರಶ್ನೆಗಳು

ಸ್ಕ್ರೀನ್‌ಶಾಟ್ ತಗೊಳ್ಳಿ ಬೇಕಾದರೆ.

1. ಸೆಲ್ ಯಾವ ಬಗೆ? ಹೊಸತಾ, ಬೇರೆ ಗಾಡಿಯಿಂದ ತೆಗೆದದ್ದಾ?

2. ಬಿಎಂಎಸ್ ಸತತ ಎಷ್ಟು ಆಂಪಿಯರ್, ಕ್ಷಣಕ್ಕೆ ಎಷ್ಟು, ಎಷ್ಟು ಸೆಕೆಂಡ್? ನನ್ನ ಗಾಡಿಯ ಕಂಟ್ರೋಲರ್ ಗರಿಷ್ಠ ಎಷ್ಟು ಎಳೀತದೆ?

3. ಒಂದೇ 48 ವೋಲ್ಟ್ ಪ್ಯಾಕಾ, ನಾಲ್ಕು 12 ವೋಲ್ಟ್ ಪೆಟ್ಟಿಗೆ ಜೋಡಿಸಿದ್ದಾ? ನಾಲ್ಕಾದರೆ ನಾಲ್ಕು ಬಿಎಂಎಸ್, ಒಂದು ಮುನಿಸಿಕೊಂಡರೂ ಗಾಡಿ ನಿಲ್ತದೆ.

4. ಚಾರ್ಜರ್ ಈ ಪ್ಯಾಕಿಗೇ ಮಾಡಿದ್ದಾ?

5. ನೀರು, ಧೂಳು ತಡೆಯುವ ಪೆಟ್ಟಿಗೆಯಾ?

6. ಕೆಟ್ಟರೆ ರಿಪೇರಿ ಯಾವ ಊರಲ್ಲಿ, ಎಷ್ಟು ದಿನ?

ಇನ್ನು ಎರಡು ಮಾತು. ಹಳೆ ಸೀಸದ ಬ್ಯಾಟರಿಯನ್ನು ಗುಜರಿಯವನಿಗೆ ಕೊಟ್ಟು, ಅವನು ಎಲ್ಲೋ ತೋಡಿನ ಬದಿ ಆಸಿಡ್ ಚೆಲ್ಲುವ ಹಾಗೆ ಮಾಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರ ಮೇಲೆ ಇದೆ. ಡೀಲರ್‌ಗೇ ಕೊಡಿ. ಮತ್ತೆ, ಮಾವನ ಬಗ್ಗಿ ಖಾಸಗಿ ಜಾಗದ ಒಳಗೆ ಓಡುವಂಥದ್ದು. ನಿಮ್ಮದು ರಿಜಿಸ್ಟ್ರೇಶನ್ ಇರುವ ಇ-ಆಟೋ ಆದರೆ ಬ್ಯಾಟರಿ ಬದಲಿಸುವ ಮೊದಲು ಆರ್‌ಟಿಒ ಮತ್ತು ಇನ್ಶೂರೆನ್ಸ್ ಎರಡೂ ಕಡೆ ಕೇಳಿ. ಇಲ್ಲದಿದ್ದರೆ ಏನಾದರೂ ಆದಾಗ ಕ್ಲೇಮ್ ಬರುವುದಿಲ್ಲ.

ಹೊಸ ಪ್ಯಾಕ್ ಈಗ ಒಂದು ಮಳೆಗಾಲ ದಾಟಿದೆ. ಜೂನಲ್ಲಿ ಅರ್ಧ ಚಾರ್ಜಿಗೆ ಇಳಿಸಿ, ಮೇನ್ ಸ್ವಿಚ್ ತೆಗೆದು ಇಟ್ಟಿದ್ದೆವು. ಮಳೆ ಬಿಟ್ಟ ಮೇಲೆ ಮಾವ ಸ್ವಿಚ್ ಹಾಕಿ, ಮೀಟರ್ ನೋಡಿ ನನಗೆ ಫೋನ್ ಮಾಡಿದರು. "ಹೆಚ್ಚೆಂತ ಇಳೀಲಿಲ್ಲ ಮಾಣಿ, ಇಟ್ಟಲ್ಲೇ ಇತ್ತ್." ಅವರಿಗೆ ಅದು ಆಶ್ಚರ್ಯ, ನನಗೆ ಸಮಾಧಾನ.

ಆದರೂ ಡ್ರೈವರಿಗೆ ಮಾವ ಒಂದು ನಿಯಮ ಮಾಡಿದ್ದಾರೆ: ಏರಲ್ಲಿ ಗಾಡಿ ನಿಲ್ಲಿಸಿದರೆ ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಬೇರೆ ಮಾತು. ಬ್ಯಾಟರಿ ಎಷ್ಟೇ ಒಳ್ಳೆಯದಿರಲಿ, ಆ ನಿಯಮ ಬದಲಾಗುವುದಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಯಾರಾದರೂ ಬ್ಯಾಟರಿ ಬದಲಿಸುವ ಯೋಚನೆಯಲ್ಲಿದ್ದರೆ ಅವರಿಗೆ ಇದನ್ನು ಕಳಿಸಿ. ದುಡ್ಡು ಕೊಡುವ ಮೊದಲು ಕೇಳಲಿ. ಮುಂದಿನ ವಾರ ಸಿಗುವ, ಬರ್ತೆ.